ಹತ್ತು ನಿಮಿಷದ ಮ್ಯಾಗ್ನೀಸಿಯಂ, ಹೋಗದ ತಾಮ್ರ

ಒಂದೇ ಲೇಡಲ್‌ನಿಂದ, ಅಂದರೆ ಕರಗಿದ ಲೋಹ ಹೊರುವ ಒಂದೇ ಪಾತ್ರೆಯಿಂದ, ಹೊಯ್ದ ಎರಡು ಕಬ್ಬಿಣದ ಬ್ರಾಕೆಟ್‌ಗಳು ನನ್ನ ಮೇಜಿನ ಮೇಲಿದ್ದವು. ಒಂದಕ್ಕೆ ಸುತ್ತಿಗೆಯಿಂದ ಹೊಡೆದರೆ ಬಾಗುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಇನ್ನೊಂದು ಗಿರಾಕಿಯ ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿ ಮಾಡುವಾಗಲೇ ಎರಡು ತುಂಡಾಗಿ ವಾಪಸ್ ಬಂದಿತ್ತು. ಅದೇ ಭಟ್ಟಿ, ಅದೇ ಚಾರ್ಜ್ (ಭಟ್ಟಿಗೆ ತುಂಬುವ ಕಚ್ಚಾ ಲೋಹ), ಅದೇ ಪಾಳಿ. ಲೋಹದಲ್ಲಿ ಯಾವ ಧಾತು ಎಷ್ಟಿದೆ ಅಂತ ಹೇಳುವ ಸ್ಪೆಕ್ಟ್ರೋಮೀಟರ್ ಕಾಗದವೂ ಎರಡಕ್ಕೂ ಒಂದೇ: ಇಂಗಾಲ 3.65%, ಸಿಲಿಕಾನ್ 2.5%, ಮ್ಯಾಗ್ನೀಸಿಯಂ 0.043%. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೆಲ್ಟಿಂಗ್ ವಿಭಾಗಕ್ಕೆ ನಾನು ಸೇರಿ ಆಗ ಎಂಟು ತಿಂಗಳು. ಕಾಗದದಲ್ಲಿ ಅಂಕಿಗಳು ಸರಿಯಿದ್ದರೆ ಎರಕವೂ ಸರಿ ಅಂತ ನಂಬಿಕೊಂಡಿದ್ದೆ.

ನಾವೆಲ್ಲ ಕಾಕಾ ಅಂತ ಕರೆಯುತ್ತಿದ್ದ ಹಿರಿಯ ಮೆಲ್ಟರ್ ಮುರಿದ ತುಂಡನ್ನು ಕೈಗೆತ್ತಿಕೊಂಡು ಒಡೆದ ಮುಖವನ್ನು ಬೆಳಕಿಗೆ ಹಿಡಿದರು. ಬೂದಿಯಂತೆ ಮಂಕಾಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾಹೇಬ್ರ, ಮದಲನೇ ಬಾಕ್ಸಿಗೆ ಎಷ್ಟೊತ್ತಿಗೆ ಹೊಯ್ದ್ರಿ, ಕಡೀ ಬಾಕ್ಸಿಗೆ ಎಷ್ಟೊತ್ತಿಗೆ? ಬರ್ದಿಟ್ಟೀರೇನು?”

ಬರೆದಿಟ್ಟಿರಲಿಲ್ಲ. ಆದರೆ ನೆನಪಿತ್ತು. ಆ ದಿನ ಹಾಯ್ಸ್ಟ್ ನಡುವೆ ಸಿಕ್ಕಿಕೊಂಡು ಲೇಡಲ್ ತೂಗಾಡುತ್ತ ನಿಂತಿತ್ತು. ಕೊನೆಯ ನಾಲ್ಕು ಬಾಕ್ಸ್, ಅಂದರೆ ಅಚ್ಚಿನ ಪೆಟ್ಟಿಗೆ, ತುಂಬುವಷ್ಟರಲ್ಲಿ ಹದಿನೆಂಟು ನಿಮಿಷ ಕಳೆದಿದ್ದವು.

ಈ ಹದಿನೆಂಟು ನಿಮಿಷ ಯಾಕೆ ದೊಡ್ಡದು ಅನ್ನುವುದಕ್ಕೆ ಬೀಡು ಕಬ್ಬಿಣದ ಒಳಗು ನೋಡಬೇಕು. ಬೀಡಿನಲ್ಲಿ ಮೂರೂವರೆ ಶೇಕಡಾದಷ್ಟು ಇಂಗಾಲ ಇರುತ್ತದೆ. ಲೋಹ ಗಟ್ಟಿಯಾಗುವಾಗ ಅದರ ಬಹುಭಾಗ ಗ್ರಾಫೈಟ್ ಆಗಿ ಹೊರಬೀಳುತ್ತದೆ. ಗ್ರಾಫೈಟ್ ಹಗುರ, ಹಾಗಾಗಿ ಗಾತ್ರದ ಲೆಕ್ಕದಲ್ಲಿ ಎರಕದ ಹತ್ತನೇ ಒಂದು ಭಾಗ ಅದೇ. ಸಾಮಾನ್ಯ ಬೀಡಿನಲ್ಲಿ ಈ ಗ್ರಾಫೈಟ್ ಹಪ್ಪಳದ ಚೂರುಗಳ ಹಾಗೆ ತೆಳ್ಳಗೆ, ಬಾಗಿ ಬಾಗಿ ಹರಡಿಕೊಂಡಿರುತ್ತದೆ. ಗ್ರಾಫೈಟ್‌ಗೆ ಶಕ್ತಿಯೇ ಇಲ್ಲದ ಕಾರಣ ಆ ಒಂದೊಂದು ಚೂರೂ ಲೋಹದೊಳಗೆ ಮೊದಲೇ ಬಿಟ್ಟ ಒಂದು ಬಿರುಕು. ಎಳೆದರೆ ಚೂರಿನ ಚೂಪಾದ ತುದಿಯಿಂದ ಬಿರುಕು ಓಡುತ್ತದೆ. ಅದಕ್ಕೇ ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಅದೇ ಇಂಗಾಲವನ್ನು ಸಾಸಿವೆ ಕಾಳಿನಂತೆ ದುಂಡಗೆ ಮಾಡಿಬಿಟ್ಟರೆ ಚೂಪು ತುದಿಯೇ ಇಲ್ಲ, ಬಿರುಕಿಗೆ ಹಿಡಿ ಸಿಗುವುದಿಲ್ಲ. 200 ಮೆಗಾಪ್ಯಾಸ್ಕಲ್‌ಗೆ ತುಂಡಾಗುತ್ತಿದ್ದ ಬೀಡು 400, 500 ತಡೆಯುತ್ತದೆ, ಮೇಲಿಂದ ಎಳೆದರೆ ಹಿಗ್ಗುತ್ತದೆ ಕೂಡ. ನಾವು ಎಸ್‌ಜಿ ಐರನ್ (ಸ್ಫೆರಾಯ್ಡಲ್ ಗ್ರಾಫೈಟ್, ಅಂದರೆ ದುಂಡು ಗ್ರಾಫೈಟ್‌ನ ಕಬ್ಬಿಣ) ಅನ್ನುವುದು ಇದಕ್ಕೇ. 400/15 ಅಂದರೆ 400 ಮೆಗಾಪ್ಯಾಸ್ಕಲ್ ಬಲ, 15% ಹಿಗ್ಗು.

ದುಂಡಗೆ ಮಾಡುವ ಕೆಲಸ ಮ್ಯಾಗ್ನೀಸಿಯಂನದು. ಕರಗಿದ ಕಬ್ಬಿಣದಲ್ಲಿರುವ ಗಂಧಕ ಮತ್ತು ಆಮ್ಲಜನಕ ಬೆಳೆಯುತ್ತಿರುವ ಗ್ರಾಫೈಟ್‌ನ ಅಂಚಿಗೆ ಕೂತು ಅದನ್ನು ಹಾಳೆಯಾಗಿ ಅಗಲಿಸುತ್ತವೆ. ಮ್ಯಾಗ್ನೀಸಿಯಂ ಮೊದಲು ಅವೆರಡನ್ನೂ ಹಿಡಿದು ಮೇಲೆ ತೇಲುವ ಕಿಟ್ಟಕ್ಕೆ, ಅಂದರೆ ಸ್ಲ್ಯಾಗ್‌ಗೆ, ತಳ್ಳುತ್ತದೆ. ಆಮೇಲೆ ಲೋಹದಲ್ಲಿ ಉಳಿಯುವ 0.035ರಿಂದ 0.05 ಶೇಕಡಾ ಸಾಕು, ಗ್ರಾಫೈಟ್ ಎಲ್ಲ ದಿಕ್ಕಿಗೂ ಸಮವಾಗಿ ಬೆಳೆದು ಕಾಳಾಗುತ್ತದೆ. ಅರ್ಧ ಟನ್ ಲೋಹದಲ್ಲಿ ಹೆಚ್ಚು ಕಡಿಮೆ ಇನ್ನೂರು ಗ್ರಾಂ! ಮೊದಲ ಸಲ ಈ ಲೆಕ್ಕ ಹಾಕಿದಾಗ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಹಾಕಿದ್ದೆ.

ಮ್ಯಾಗ್ನೀಸಿಯಂ ಕುದಿಯುವುದು ಸುಮಾರು 1,090 ಡಿಗ್ರಿಗೆ. ನಾವು ಲೋಹ ಇಳಿಸುವುದು 1,480ರಿಂದ 1,500 ಡಿಗ್ರಿಗೆ. ಅಂದರೆ ಲೋಹ ತಾಗಿದ ಕ್ಷಣ ಅದು ಆವಿ. ಶುದ್ಧ ಮ್ಯಾಗ್ನೀಸಿಯಂ ಹಾಗೇ ಹಾಕಿದರೆ ಲೇಡಲ್ ಸಿಡಿಯುತ್ತದೆ. ಅದಕ್ಕೆ ಫೆರೋಸಿಲಿಕಾನ್ (ಕಬ್ಬಿಣ, ಸಿಲಿಕಾನ್‌ನ ಮಿಶ್ರಲೋಹ) ಜೊತೆ ಬೆರೆಸಿದ, 5ರಿಂದ 6 ಶೇಕಡಾ ಮ್ಯಾಗ್ನೀಸಿಯಂ ಇರುವ ಚೂರುಗಳನ್ನು ಬಳಸುತ್ತೇವೆ. 500 ಕಿಲೋ ಲೇಡಲ್‌ಗೆ ಏಳೂವರೆ ಕಿಲೋ. ಲೇಡಲ್ ತಳದಲ್ಲಿ ಒಂದು ಗುಂಡಿ ಇರುತ್ತದೆ. ಅದರಲ್ಲಿ ಚೂರು ಸುರಿದು, ಮೇಲೆ ಹತ್ತು ಕಿಲೋದಷ್ಟು ಉಕ್ಕಿನ ಪಂಚಿಂಗ್ (ಹಾಳೆಗೆ ತೂತು ಹೊಡೆದಾಗ ಬೀಳುವ ಚೂರು) ಹೊದಿಸಿ, ಗುಂಡಿಯ ಎದುರು ಬದಿಗೆ ಲೋಹ ಇಳಿಸಬೇಕು. ನೇರ ಗುಂಡಿಯ ಮೇಲೇ ಬಿಟ್ಟರೆ ಹೊದಿಕೆ ಕೂಡಲೇ ಒಡೆದು ಮ್ಯಾಗ್ನೀಸಿಯಂ ಮೇಲೇ ಸುಟ್ಟುಹೋಗುತ್ತದೆ. ಸರಿಯಾಗಿ ಇಳಿದರೆ ಲೇಡಲ್ ಅರ್ಧ ತುಂಬುವವರೆಗೂ ಏನೂ ಆಗುವುದಿಲ್ಲ. ಆಮೇಲೆ ತಳದಿಂದ ಕೊತಕೊತ ಸದ್ದು, ಕಣ್ಣು ಕುಕ್ಕುವ ಬಿಳಿ ಬೆಳಕು, ಬಿಳಿ ಹೊಗೆ. ಮುಕ್ಕಾಲು ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಹಾಕಿದ್ದರಲ್ಲಿ ಅರ್ಧ ಉಳಿದರೆ ಅದೃಷ್ಟ.

ಉಳಿದದ್ದೂ ನಿಲ್ಲುವುದಿಲ್ಲ. ಬೆಳಕು ಆರಿದ ಕ್ಷಣದಿಂದ ಗಾಳಿಗೆ, ಸ್ಲ್ಯಾಗ್‌ಗೆ ಮ್ಯಾಗ್ನೀಸಿಯಂ ಹೋಗುತ್ತಲೇ ಇರುತ್ತದೆ. ಸಣ್ಣ ಲೇಡಲ್‌ನಲ್ಲಿ ಇನ್ನೂ ಬೇಗ. ನಾವು ಸ್ಪೆಕ್ಟ್ರೋಮೀಟರ್‌ಗೆ ಕಳಿಸುವ ಬಿಲ್ಲೆ ಬೆಳಕು ಆರಿದ ತಕ್ಷಣ ತೆಗೆದದ್ದು. ಆ 0.043% ಮೊದಲ ಬಾಕ್ಸಿನ ಸತ್ಯ, ಕೊನೆಯ ಬಾಕ್ಸಿನದಲ್ಲ. ಮುರಿದ ಬ್ರಾಕೆಟ್‌ನ ತುಂಡನ್ನು ಉಜ್ಜಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಕಂಡಿತು: ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದೆಲ್ಲ ಮೊಂಡು ತುದಿಯ ಹುಳಗಳಂತೆ, ನಡುನಡುವೆ ಹಪ್ಪಳದ ಚೂರುಗಳೇ. ಬಾಗಿದ ಬ್ರಾಕೆಟ್‌ನಲ್ಲಿ ಬಿಳಿ ತಟ್ಟೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಾಳುಗಳು. ಒಂದೇ ಲೋಹ ಹದಿನೆಂಟು ನಿಮಿಷದಲ್ಲಿ ಎರಡು ಲೋಹವಾಗಿತ್ತು.

ಅಂದಿನಿಂದ ನಮ್ಮಲ್ಲಿ ಲೇಡಲ್ ಪಕ್ಕ ಹಲಗೆ ಇದೆ. ಬೆಳಕು ಆರಿದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಹತ್ತು ನಿಮಿಷ ದಾಟಿದರೆ ಉಳಿದ ಲೋಹ ಮರು ಕರಗಿಸಲು ಗಟ್ಟಿಗಳಾಗಿ ಹೊಯ್ಯುವ ಪಿಗ್ ಅಚ್ಚಿಗೆ, ಎಷ್ಟೇ ಬಾಕ್ಸ್ ಕಾಯುತ್ತಿರಲಿ. ಪರೀಕ್ಷೆಯ ತುಂಡನ್ನೂ ಕೊನೆಯ ಬಾಕ್ಸ್‌ನ ಲೋಹದಿಂದಲೇ ತೆಗೆಯುತ್ತೇವೆ. ಎಸ್‌ಜಿ ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ಮೈಕ್ರೋಸ್ಕೋಪ್ ಇಲ್ಲದ ಕಡೆ ಕಾಕಾ ಕಲಿಸಿದ ಇನ್ನೊಂದು ದಾರಿಯೂ ಇದೆ. ಎರಕದ ಕಿವಿಯನ್ನು, ಅಂದರೆ ಹೊರಚಾಚಿದ ಸಣ್ಣ ತುಂಡನ್ನು, ಒಡೆದು ಆ ಹೊಸ ಮುಖಕ್ಕೆ ನೀರು ಹನಿಸಿ ಮೂಸಬೇಕು. ಮ್ಯಾಗ್ನೀಸಿಯಂ ಹಿಡಿದಿದ್ದರೆ ವೆಲ್ಡಿಂಗ್ ಅಂಗಡಿಯ ಕಾರ್ಬೈಡ್ ವಾಸನೆ ಬರುತ್ತದೆ, ಮುಖ ಉಕ್ಕಿನಂತೆ ಹೊಳೆಯುತ್ತದೆ. ತೂಗುಹಾಕಿ ತಟ್ಟಿದರೆ ಗಂಟೆಯಂತೆ ನಾದ. ಮುರಿದ ಆ ಬ್ರಾಕೆಟ್ ಜೊತೆ ಕೊನೆಗೆ ಹೊಯ್ದ ಇನ್ನೊಂದನ್ನು ತಟ್ಟಿದಾಗ ಬಂದದ್ದು ಮಡಕೆಯ ಸದ್ದು.

ಗಂಧಕದ ಬಗ್ಗೆ ಒಂದು ಮಾತು. ಕೋಕ್ ಉರಿಸುವ ಕ್ಯುಪೋಲಾದಲ್ಲಿ ಕರಗಿಸಿದ ಬೀಡಿನಲ್ಲಿ ಗಂಧಕ 0.1 ಶೇಕಡಾದ ಹತ್ತಿರ ಇರುತ್ತದೆ. ಹಾಕಿದ ಮ್ಯಾಗ್ನೀಸಿಯಂ ಎಲ್ಲ ಅದಕ್ಕೇ ಊಟ. ವಿದ್ಯುತ್ತಿನ ಇಂಡಕ್ಷನ್ ಭಟ್ಟಿಯಲ್ಲಿ ಅದನ್ನು 0.015ರ ಹತ್ತಿರ ಇಡಬಹುದು, ಆದರೆ ಇಂಗಾಲ ಏರಿಸಲು ಹಾಕುವ ಕಾರ್ಬುರೈಸರ್ ಅಗ್ಗದ್ದು ತಂದರೆ ಗಂಧಕ ಹಿಂಬಾಗಿಲಿಂದ ಒಳಗೆ ಬರುತ್ತದೆ. ಚೀಲದ ಮೇಲೆ ಇಂಗಾಲದ ಅಂಕಿ ದೊಡ್ಡದಾಗಿ ಬರೆದಿರುತ್ತಾರೆ, ಗಂಧಕದ ಅಂಕಿಯನ್ನು ನಾವೇ ಕೇಳಿ ಪಡೆಯಬೇಕು.

ಈ ವಿದ್ಯೆ ತೀರಾ ಹಳೆಯದಲ್ಲ. 1943ರಲ್ಲಿ ಅಮೆರಿಕದಲ್ಲಿ ಇಂಕೊ ಎಂಬ ನಿಕಲ್ ಕಂಪನಿಯ ಪ್ರಯೋಗಾಲಯದಲ್ಲಿ ಕೀತ್ ಮಿಲ್ಲಿಸ್ ಯುದ್ಧಕಾಲದಲ್ಲಿ ಸಿಗದಂತಾಗಿದ್ದ ಕ್ರೋಮಿಯಂಗೆ ಬದಲಿ ಹುಡುಕುತ್ತಿದ್ದಾಗ ಮ್ಯಾಗ್ನೀಸಿಯಂನ ಈ ಗುಣ ಕೈಗೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ಹೆಂಟನ್ ಮೊರೊ ಸೀರಿಯಂನಿಂದ ಅದೇ ಕಾಳುಗಳನ್ನು ಪಡೆದು 1948ರಲ್ಲಿ ಪ್ರಕಟಿಸಿದರು. ನಾವು ಇಂದು ತರಿಸುವ ಚೀಲದಲ್ಲಿ ಮ್ಯಾಗ್ನೀಸಿಯಂ ಜೊತೆಗೆ ಸ್ವಲ್ಪ ಸೀರಿಯಂ, ಲ್ಯಾಂಥನಂ ಕೂಡ ಇರುತ್ತವೆ. ಸ್ಕ್ರ್ಯಾಪ್‌ನಿಂದ ನುಸುಳುವ ಟೈಟಾನಿಯಂ, ಸೀಸ, ಆಂಟಿಮನಿ ಕಾಳನ್ನು ಕೆಡಿಸದಂತೆ ಅವು ತಡೆಯುತ್ತವೆ. ಸಾಗರದ ಎರಡು ದಡಗಳ ಆ ಇಬ್ಬರ ಕೆಲಸ ಒಂದೇ ಚೀಲದಲ್ಲಿ ನಮ್ಮ ಭಟ್ಟಿಗೆ ಬರುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಕಾಳು ದುಂಡಗಾದರೆ ಮುಗಿಯಲಿಲ್ಲ. ಕಾಳಿನ ಸುತ್ತಲಿನ ಕಬ್ಬಿಣ ಹೇಗಿರಬೇಕು ಅನ್ನುವುದು ಬೇರೆ ಪ್ರಶ್ನೆ, ಅಲ್ಲಿ ತಾಮ್ರ ಬರುತ್ತದೆ. ಎರಕ ತಣ್ಣಗಾಗುತ್ತ 750 ಡಿಗ್ರಿಯ ಆಸುಪಾಸು ಬಂದಾಗ, ಕಬ್ಬಿಣದಲ್ಲಿ ಇನ್ನೂ ಕರಗಿರುವ ಇಂಗಾಲ ಹತ್ತಿರದ ಕಾಳಿಗೆ ಹೋಗಿ ಸೇರಿಕೊಳ್ಳಲು ನೋಡುತ್ತದೆ. ಸೇರಿಕೊಂಡರೆ ಸುತ್ತ ಮೃದುವಾದ ಫೆರೈಟ್ ಉಳಿಯುತ್ತದೆ, ಎರಕ ಚೆನ್ನಾಗಿ ಹಿಗ್ಗುತ್ತದೆ. ತಾಮ್ರ ಹಾಕಿದರೆ ಅದು ಕಾಳಿನ ಮೈಗೆ ಪೊರೆಯಂತೆ ಕಟ್ಟಿ ಇಂಗಾಲಕ್ಕೆ ಬಾಗಿಲು ಮುಚ್ಚುತ್ತದೆ. ಒಳಗೆ ಹೋಗಲಾಗದ ಇಂಗಾಲ ಕಬ್ಬಿಣದ ಜೊತೆ ಪದರು ಪದರಾಗಿ ಪರ್ಲೈಟ್ ಆಗುತ್ತದೆ. ಬಲ ಏರುತ್ತದೆ, ಹಿಗ್ಗು ಇಳಿಯುತ್ತದೆ. 0.4, 0.5 ಶೇಕಡಾ ತಾಮ್ರಕ್ಕೆ ನಮಗೆ 500/7 ಸಿಗುತ್ತದೆ, 0.8ರ ಹತ್ತಿರ ಹೋದರೆ 600/3. ಸ್ಪಿರಿಟ್‌ನಲ್ಲಿ ಎರಡು ಶೇಕಡಾ ನೈಟ್ರಿಕ್ ಆಮ್ಲ ಬೆರೆಸಿ ಸವರಿದರೆ ಪರ್ಲೈಟ್ ಕಂದು ಬಣ್ಣಕ್ಕೆ ತಿರುಗುತ್ತದೆ. 500/7 ಎರಕದಲ್ಲಿ ಕಪ್ಪು ಕಾಳು, ಸುತ್ತ ಬಿಳಿ ಫೆರೈಟ್ ಉಂಗುರ, ಆಚೆ ಕಂದು ಪರ್ಲೈಟ್ ಕಾಣುತ್ತದೆ. ನಮ್ಮ ಹುಡುಗರು ಅದಕ್ಕೆ ಕೋಳಿ ಕಣ್ಣು ಅನ್ನುತ್ತಾರೆ. ದಪ್ಪ ಎರಕ ನಿಧಾನ ತಣಿಯುವುದರಿಂದ ಅದರಲ್ಲಿ ಬಿಳಿ ಉಂಗುರ ಅಗಲ. ಹಾಗಾಗಿ ತಾಮ್ರದ ಲೆಕ್ಕ ಎರಕದ ದಪ್ಪ ನೋಡಿ ಬದಲಾಗಬೇಕು.

ತಂತಿಯ ಸ್ಕ್ರ್ಯಾಪ್ ತಾಮ್ರ ತರುವಾಗ ತವರ ಬಳಿದ ತಂತಿ, ಬೆಸುಗೆ ಅಂಟಿದ ತುಂಡುಗಳನ್ನು ಕೈಯಾರೆ ಆರಿಸಿ ತೆಗೆಯಬೇಕು. ತವರ ಪರ್ಲೈಟ್ ಮಾಡುವುದರಲ್ಲಿ ತಾಮ್ರಕ್ಕಿಂತ ಹತ್ತು ಪಟ್ಟು ಜೋರು, ಬೆಸುಗೆಯ ಸೀಸ ಕಾಳನ್ನೇ ಕೆಡಿಸುತ್ತದೆ.

ನನ್ನ ಎರಡನೇ ದೊಡ್ಡ ಪೆಟ್ಟು ತಾಮ್ರದಿಂದಲೇ. ವಾಲ್ವ್ ಬಾಡಿಗಳ 400/15 ಆರ್ಡರ್. ಆ ವಾರ ನಾವು ತಾಮ್ರವನ್ನು ಕೈಯಲ್ಲೂ ಮುಟ್ಟಿರಲಿಲ್ಲ. ಕಾಳು ಚೆನ್ನಾಗಿದ್ದವು, ಹೊತ್ತು ಮೀರಿರಲಿಲ್ಲ. ಪರೀಕ್ಷೆಯ ಸಲಾಕೆ ಎಳೆದರೆ ಹಿಗ್ಗು 9 ಶೇಕಡಾಕ್ಕೆ ನಿಂತಿತು, ಬ್ರಿನೆಲ್ ಅಳತೆಯಲ್ಲಿ ಗಡಸುತನ 195ಕ್ಕೆ ಏರಿತ್ತು. ಆ ದರ್ಜೆಗೆ 180 ದಾಟಬಾರದು. ಸ್ಪೆಕ್ಟ್ರೋಮೀಟರ್ ತಾಮ್ರ 0.28% ಅಂತ ತೋರಿಸಿತು. ಹಿಂದಿನ ತಿಂಗಳು 600/3 ಪುಲ್ಲಿ ಹೊಯ್ದಾಗ ಕಡಿದಿಟ್ಟ ರನ್ನರ್, ರೈಸರ್‌ಗಳು (ಅಚ್ಚಿಗೆ ಲೋಹ ಹರಿಸುವ, ಉಣಿಸುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದ ತುಂಡುಗಳು) ಚಾರ್ಜ್ ಗುಡ್ಡೆಯಲ್ಲಿ ಎಲ್ಲದರ ಜೊತೆ ಬೆರೆತಿದ್ದವು. ಮ್ಯಾಗ್ನೀಸಿಯಂ ಮರು ಕರಗಿಸಿದರೆ ಹಾರಿಹೋಗುತ್ತದೆ, ತಾಮ್ರ ಹಾಗಲ್ಲ. ಭಟ್ಟಿಯಲ್ಲಿ ಕಬ್ಬಿಣ ಸುಟ್ಟು ಸ್ಲ್ಯಾಗ್ ಆದರೂ ತಾಮ್ರ ಸುಡುವುದಿಲ್ಲ. ಒಮ್ಮೆ ಒಳಗೆ ಹೋದರೆ ಹೊಸ ಉಕ್ಕು, ಪಿಗ್ ಐರನ್ ಬೆರೆಸಿ ತೆಳ್ಳಗೆ ಮಾಡಬಹುದೇ ವಿನಾ ತೆಗೆಯುವ ದಾರಿ ನಮ್ಮ ಭಟ್ಟಿಯಲ್ಲಿಲ್ಲ.

ಆ ವಾಲ್ವ್ ಬಾಡಿಗಳನ್ನು ಉಳಿಸಿದ್ದು ಶಾಖ. 900 ಡಿಗ್ರಿಗೆ ಕಾಯಿಸಿ ಎರಡು ಗಂಟೆ ಇಟ್ಟು, ಭಟ್ಟಿಯಲ್ಲೇ ನಿಧಾನ ಇಳಿಸಿ, 700ರ ಹತ್ತಿರ ಮತ್ತೆ ಐದು ಗಂಟೆ ನಿಲ್ಲಿಸಿದೆವು. ಬಾಗಿಲು ಮುಚ್ಚಿದ್ದರೂ ಇಂಗಾಲಕ್ಕೆ ಸಾಕಷ್ಟು ಹೊತ್ತು ಸಿಕ್ಕಿ ಅದು ಮೆಲ್ಲನೆ ಕಾಳು ಸೇರಿತು. ಹಿಗ್ಗು 16ಕ್ಕೆ ಬಂತು. ಡೀಸೆಲ್ ಬಿಲ್ ನೋಡಿದ ಮಾಲೀಕರು ಏನೂ ಅನ್ನಲಿಲ್ಲ. ಮರುದಿನ ನಾನೇ ಬ್ರಶ್ ಹಿಡಿದು ತಾಮ್ರ ಇರುವ ರೈಸರ್‌ಗಳಿಗೆಲ್ಲ ಕೆಂಪು, ಇಲ್ಲದ್ದಕ್ಕೆ ನೀಲಿ ಬಣ್ಣ ಬಳಿದೆ.

ಪರ್ಲೈಟ್ ಮಾಡುವುದರಲ್ಲಿ ಮ್ಯಾಂಗನೀಸ್ ಕೂಡ ತಾಮ್ರದ ಜಾತಿಯದೇ, ಸ್ವಭಾವ ಮಾತ್ರ ಇನ್ನೂ ಕೆಟ್ಟದ್ದು. ಲೋಹ ಗಟ್ಟಿಯಾಗುವಾಗ ಅದು ಕೊನೆಗೆ ಹೆಪ್ಪುಗಟ್ಟುವ ಮೂಲೆಗಳಿಗೆ ಸರಿದು ಅಲ್ಲಿ ಗಡಸು ಕಾರ್ಬೈಡ್ ಕಟ್ಟುತ್ತದೆ. ಮ್ಯಾಂಗನೀಸ್ ಹೆಚ್ಚಿರುವ ಕಟ್ಟಡದ ಕಂಬಿಯ ತುಂಡು ಅಗ್ಗಕ್ಕೆ ಸಿಕ್ಕರೂ 400/15ಕ್ಕೆ ನಾವು ತೆಳು ಹಾಳೆಯ ಸ್ಕ್ರ್ಯಾಪ್ ಬಿಟ್ಟು ಬೇರೆ ಹಾಕುವುದಿಲ್ಲ.

ಸಿಲಿಕಾನ್‌ನದು ಮಾತ್ರ ಎರಡೂ ಗುಣ. ಹೊಯ್ಯುವ ಮುನ್ನ ಬೇರಿಯಂ ಸೇರಿದ ಫೆರೋಸಿಲಿಕಾನ್ ಕಾಳನ್ನು 0.3, 0.4 ಶೇಕಡಾದಷ್ಟು ಧಾರೆಗೆ ಬಿಡುತ್ತೇವೆ. ಇದು ಹಾಲಿಗೆ ಹೆಪ್ಪು ಹಾಕಿದಂತೆ. ಗ್ರಾಫೈಟ್ ಹುಟ್ಟಲು ಸಾವಿರಾರು ಬೀಜ ಸಿಗುತ್ತವೆ. ಬೀಜ ಇಲ್ಲದಿದ್ದರೆ ತೆಳು ಗೋಡೆಗಳಲ್ಲಿ ಇಂಗಾಲ ಕಬ್ಬಿಣವನ್ನೇ ಹಿಡಿದು ಬಿಳಿ ಕಾರ್ಬೈಡ್ ಆಗುತ್ತದೆ, ಮಷೀನ್ ಶಾಪ್‌ನಿಂದ ಡ್ರಿಲ್ ಸುಟ್ಟುಹೋಯಿತು ಅಂತ ಫೋನ್ ಬರುತ್ತದೆ. ಈ ಹೆಪ್ಪಿನ ಕಸುವೂ ನಿಮಿಷಗಳಲ್ಲಿ ಇಳಿಯುತ್ತದೆ. ಆದರೆ ಸಿಲಿಕಾನ್ ಎಲ್ಲಿಗೂ ಹೋಗಿರುವುದಿಲ್ಲ! ಬಿಲ್ಲೆಯಲ್ಲಿ 2.5 ಇದ್ದದ್ದು 2.5ಏ. ಸ್ಪೆಕ್ಟ್ರೋಮೀಟರ್ ಎಷ್ಟಿದೆ ಅಂತ ಹೇಳುತ್ತದೆ, ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಳುವುದಿಲ್ಲ. ಅದಕ್ಕೇ ಪ್ರತಿ ಲೇಡಲ್‌ಗೂ ಒಂದು ಬೆಣೆಯಾಕಾರದ ತುಂಡು ಹೊಯ್ದು ಒಡೆದು, ಚೂಪು ತುದಿಯಲ್ಲಿ ಬಿಳುಪು ಎಷ್ಟು ಉದ್ದ ಇದೆ ಅಂತ ನೋಡುವುದನ್ನು ನಾನು ಬಿಟ್ಟಿಲ್ಲ.

ಈ ವರ್ಷ ಹೊಸದೊಂದು ಕೆಲಸ ಕೈಯಲ್ಲಿದೆ. ಯುರೋಪಿನ 2012ರ ಮಾನದಂಡದಲ್ಲಿ ಬಂದ 500/14 ದರ್ಜೆ. ಬಲಕ್ಕೆ ತಾಮ್ರ ಬೇಡ, ಪರ್ಲೈಟ್ ಬೇಡ. ಸಿಲಿಕಾನ್ 3.8ರ ಹತ್ತಿರಕ್ಕೆ ಏರಿಸಿದರೆ ಅದು ಫೆರೈಟ್‌ನಲ್ಲೇ ಕರಗಿ ನಿಂತು ಅದನ್ನು ಗಟ್ಟಿ ಮಾಡುತ್ತದೆ. ಅದೇ 500 ಬಲಕ್ಕೆ ಹಿಗ್ಗು ಎರಡು ಪಟ್ಟು, ಗಡಸುತನವೂ ದಪ್ಪ ತೆಳು ಎಲ್ಲ ಕಡೆ ಒಂದೇ ಸಮ. ಚಳಿಯಲ್ಲಿ ಪೆಟ್ಟು ತಿನ್ನುವ ಭಾಗಗಳಿಗೆ ಇದು ಆಗುವುದಿಲ್ಲ, ಸಿಲಿಕಾನ್ ಹೆಚ್ಚಾದಷ್ಟೂ ತಣ್ಣಗಿನಲ್ಲಿ ಎರಕ ಪೆಡಸಾಗುತ್ತದೆ. ಗಿರಾಕಿಗೆ ಅದನ್ನು ಮೊದಲೇ ಹೇಳಿದ್ದೇನೆ. ಮೊದಲ ಮೂರು ಹೀಟ್‌ಗಳ, ಅಂದರೆ ಮೂರು ಸಲ ಕರಗಿಸಿದ ಲೋಹದ, ಸಲಾಕೆಗಳು ದರ್ಜೆ ದಾಟಿವೆ. ಇದರ ರೈಸರ್‌ಗಳಲ್ಲಿ ತಾಮ್ರ ಇಲ್ಲ, ಸಿಲಿಕಾನ್ ಮಾತ್ರ ವಿಪರೀತ, ಹಾಗಾಗಿ ನೀಲಿ ಗುಡ್ಡೆಗೂ ಸೇರಿಸುವಂತಿಲ್ಲ. ಹಳದಿ ಪೇಂಟ್ ಡಬ್ಬಿ ತರಿಸಿದ್ದೇನೆ.