ಅಂಟಿಕೊಂಡ ಫೋಟೊ ಎಳೆಯಬೇಡಿ

ಮಡಿಕೇರಿಯ ಮಳೆಗಾಲದ ತೇವ ಹೊಕ್ಕರೆ ಆಲ್ಬಮ್ಮಿನ ಕಥೆ ಮುಗಿದಂತೆ. ಹತ್ತನೆಯ ತರಗತಿಯ ನೆನಪಿನ ಸಂಚಿಕೆಗೆ ಬೇಕಿದ್ದ ಗುಂಪುಚಿತ್ರ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿತ್ತು. ಎಳೆದೆ, ತುದಿಯಲ್ಲಿ ನಿಂತಿದ್ದ ಗೆಳತಿಯ ಅರ್ಧ ಮುಖ ಹಾಳೆಯ ಜೊತೆಗೇ ಬಂತು. (ಅವಳಿಗೆ ಇನ್ನೂ ಹೇಳಿಲ್ಲ.) ಉಳಿದವನ್ನು ಬಿಡಿಸದೆ, ಪ್ಲಾಸ್ಟಿಕ್ ಸಮೇತ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳು ಮಸುಕಾಗಿ ಮುದ್ರಣವಾದವು. ‘ಡಾಕ್ಯುಮೆಂಟ್’ ಆಗಿ ಕಳುಹಿಸಿ ಎಂದೆ, ಸರಿಹೋಯಿತು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಯನ್ನೇ ಕಳೆದುಕೊಂಡಿದ್ದ ಸಹಪಾಠಿಯ ಬಳಿ ಒಂದು ಚಿತ್ರವೂ ಇರಲಿಲ್ಲ. ಅವನನ್ನು ಎಲ್ಲರ ಆಲ್ಬಮ್‌ಗಳ ಮೂಲೆಗಳಲ್ಲಿ ಹುಡುಕಿದೆವು. ಕ್ರೀಡಾದಿನದ ಗುಂಪಿನಲ್ಲಿ ಸಿಕ್ಕಿದ, ಕೈಯಲ್ಲಿ ಹಾಕಿ ಕೋಲು.

ಹರಿದ ಮುಖಕ್ಕೂ ದಾರಿ ಸಿಕ್ಕಿತು. ಗೆಳತಿಯ ತಾಯಿ ಅದೇ ಚಿತ್ರದ ಇನ್ನೊಂದು ಪ್ರತಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಹೊಗೆಯ ವಾಸನೆ, ಆದರೆ ಗರಿಗರಿ.