ಏಳರ ಹಾಡಿಗೆ ರಂಗೋಲಿ ವಿಡಿಯೋ: ನಾವು ಮಾಡಿದ್ದು ಹೀಗೆ

ನಮ್ಮ ಬ್ಯಾಂಡಿನ ಸಿಂಗಲ್ (ಬಿಡಿ ಹಾಡು) ಬಂತು, ಜೊತೆಗೆ ವಿಡಿಯೋನೂ ಬಂತು. ಆರು ನಿಮಿಷದ ಪ್ರೋಗ್ (ಪ್ರೋಗ್ರೆಸಿವ್ ರಾಕ್) ಹಾಡಿಗೆ ರಂಗೋಲಿಯಲ್ಲಿ ಸ್ಟಾಪ್ ಮೋಷನ್, ಅಂದರೆ ಒಂದೊಂದೇ ಫೋಟೋ (ಫ್ರೇಮ್) ತೆಗೆದು ಜೋಡಿಸಿ ಓಡಿಸೋದು, ಅಂದಾಗ ನಮ್ಮ ಡ್ರಮ್ಮರೇ ನಕ್ಕಿದ್ದ. ಈಗ ಕಂಡ ಕಂಡವರಿಗೆಲ್ಲ ಲಿಂಕ್ ಕಳಿಸುತ್ತಿರುವವನೂ ಅವನೇ.

ಅನಿಮೇಷನ್‌ಗೆ ಹೊರಗೆ ವಿಚಾರಿಸಿದರೆ 2 ಲಕ್ಷ ಕೇಳಿದರು. ಮಿಕ್ಸಿಂಗ್ ಮುಗಿದ ಮೇಲೆ ನಮ್ಮ ಹತ್ತಿರ ಉಳಿದಿದ್ದು 20 ಸಾವಿರ.

ಹಾಡು 7/8, ಅಂದರೆ ಬಾರ್‌ಗೆ (ಒಂದು ಆವರ್ತಕ್ಕೆ) ಏಳು ಅಕ್ಷರ, ಮಿಶ್ರ ಚಾಪುವಿನ ಲೆಕ್ಕ: ತಕಿಟ ತಕಧಿಮಿ. ಟೆಂಪೋ (ವೇಗ) ನಿಮಿಷಕ್ಕೆ 120 ಬೀಟ್, ಬೀಟಿಗೆ ಎರಡು ಅಕ್ಷರ. ಸೆಕೆಂಡಿಗೆ 12 ಫ್ರೇಮ್ ಇಟ್ಟರೆ ಅಕ್ಷರಕ್ಕೆ 3, ಬಾರ್‌ಗೆ 21. ಎಲ್ಲೂ ಅರ್ಧ ಫ್ರೇಮ್ ಮಿಗಲ್ಲ. ಗಿಟಾರ್ ಸೋಲೋ ಮಾತ್ರ 124ಕ್ಕೆ ಓಡುತ್ತಿತ್ತು. ಅದನ್ನೂ 120ಕ್ಕೆ ಕಟ್ಟಿ ಹಾಕಿದೆವು. ಗಿಟಾರಿಸ್ಟ್‌ಗೆ ಇನ್ನೂ ಸಿಟ್ಟು.

ಮೊದಲು ಅಕ್ಕಿ ಹಿಟ್ಟಲ್ಲಿ ಶುರು ಮಾಡಿದೆವು. ಊಟ ಮುಗಿಸಿ ಬರುವಷ್ಟರಲ್ಲಿ ಇರುವೆ ಸಾಲು. ಪ್ಲೇ ಮಾಡಿದರೆ ಏಳು ಚುಕ್ಕಿಯಲ್ಲಿ ಎರಡು ಎದ್ದು ನಡೆಯುತ್ತಿದ್ದವು! ಆ ತುಣುಕನ್ನು ಬಿಸಾಡಲಿಲ್ಲ, ಕೀಬೋರ್ಡ್ ಸೋಲೋದಲ್ಲಿ ಇದೆ, ನೋಡಿ. ಆಮೇಲೆ ಕಲ್ಲಿನ ಪುಡಿಗೆ ಬಂದೆವು.

ಕೊನೆಗೆ ಕೈ ಹಿಡಿದಿದ್ದು ಉಲ್ಟಾ ದಾರಿ. ಕಪ್ಪು ಬೋರ್ಡ್ ಪೇಂಟ್ ಬಳಿದ ಪ್ಲೈವುಡ್ ಮೇಲೆ ಅಮ್ಮ ಪೂರ್ತಿ ರಂಗೋಲಿ ಬಿಡಿಸಿ ಕೊಡುತ್ತಿದ್ದರು. ನಾವು ಬ್ರಷ್ ಹಿಡಿದು ಫ್ರೇಮಿಗಿಷ್ಟು ಅಂತ ಅಳಿಸುತ್ತಾ ಹೋದೆವು. ಎಡಿಟ್‌ನಲ್ಲಿ ಹಿಂದಿನಿಂದ ಮುಂದಕ್ಕೆ ತಿರುಗಿಸಿದರೆ ಗೆರೆ ತಾನೇ ಬೆಳೆಯುತ್ತದೆ. ಬಿಡಿಸೋದಕ್ಕಿಂತ ಅಳಿಸೋದು ಎಷ್ಟೋ ಬೇಗ, ಅಲ್ವಾ? ಕಷ್ಟ ಇದ್ದಿದ್ದು ಅಳಿಸಿದ ಜಾಗದ ಬಿಳಿ ಮಬ್ಬಿನದು. ತಿರುಗಿಸಿದಾಗ ಗೆರೆ ಬರುವ ಮುಂಚೆಯೇ ಆ ಮಬ್ಬು ಬಂದು ಕೂತಿರುತ್ತದೆ. ಅದನ್ನು ಹೇಗೆ ತೆಗೆದೆವು ಅಂತ ಬರೆಯಲ್ಲ. ಮುಂದಿನ ವಿಡಿಯೋಗೆ ಬೇಕು.

ಬೆಳಕು ಜಾಸ್ತಿ ಸತಾಯಿಸಿತು. ಕ್ಯಾಮೆರಾದಲ್ಲಿ ಎಲ್ಲ ಲಾಕ್ ಮಾಡಿದರೂ ಎಲ್‌ಇಡಿ ಮಿಣುಕುತ್ತಿತ್ತು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 100 ಇಟ್ಟು ಶಟರ್ ಅರ್ಧ ಸೆಕೆಂಡಿಗೆ ಇಳಿಸಿದ ಮೇಲೆ ನಿಂತಿತು. ಸಂಜೆ ವೋಲ್ಟೇಜ್ ಬಿದ್ದಾಗ ಸುಮ್ನೆ ಕಾಫಿ ಕುಡಿದು ಕೂರುತ್ತಿದ್ದೆವು.

ನಡುವೆ ಗಾಯಕನನ್ನೂ ಫ್ರೇಮ್ ಫ್ರೇಮಾಗಿ ಹಿಡಿಯಲು ನೋಡಿದೆವು. ಜೆನೆಸಿಸ್ ಬ್ಯಾಂಡಿನಿಂದ ಬಂದ ಪೀಟರ್ ಗೇಬ್ರಿಯಲ್ 1986ರಲ್ಲಿ 'ಸ್ಲೆಡ್ಜ್‌ಹ್ಯಾಮರ್' ವಿಡಿಯೋಗೆ ಗಾಜಿನ ಕೆಳಗೆ 16 ಗಂಟೆ ಮಲಗಿದ್ದರು. ನಮ್ಮವನು ಒಂದು ಗಂಟೆಗೇ ಕತ್ತು ಹಿಡಿಯಿತು ಅಂತ ಎದ್ದ. ಅವನ ಮುಖ ವಿಡಿಯೋದಲ್ಲಿ ಇಲ್ಲ.

ಲೆಕ್ಕಕ್ಕೆ 4,300 ಫ್ರೇಮ್ ಬೇಕಿತ್ತು. ಕೋರಸ್‌ಗೆ ತೆಗೆದಿದ್ದನ್ನೇ ಮತ್ತೆ ಬಳಸಿದ್ದರಿಂದ 2,000ದ ಆಸುಪಾಸಲ್ಲಿ ಮುಗಿಯಿತು. ಖರ್ಚು 14 ಸಾವಿರ ಇರಬೇಕು. ಅದರಲ್ಲಿ ಪುಡಿಗೆ ಹೋಗಿದ್ದು ಸಾವಿರವೂ ಇಲ್ಲ, ಊಟಕ್ಕೇ ಆರೇಳು ಸಾವಿರ.