ಟೊಮೆಟೊ ಮಂಡಿಯಲ್ಲಿ ಕೂತು ತಾಳ್ಮೆ ಕಲಿತದ್ದು

ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿಯಲ್ಲಿ ನಾನು ರೈಟರ್. ಹರಾಜು ಮುಗಿದ ಮೇಲೆ ರೈತರಿಗೆ ಪಟ್ಟಿ ಬರೆದು, ಹಣ ಎಣಿಸಿ ಕೊಡುವುದು ನನ್ನ ಕೆಲಸ. ಭಾನುವಾರ ಮೆಥಡಿಸ್ಟ್ ಚರ್ಚಿಗೆ ಹೋಗುತ್ತೇನೆ. ಪ್ರೀತಿ, ದೀರ್ಘಶಾಂತಿ (ಅಂದರೆ ತಾಳ್ಮೆ), ದಯೆ, ಸಾಧುತ್ವ, ಶಮೆದಮೆ (ತನ್ನನ್ನು ತಾನು ಹಿಡಿತದಲ್ಲಿಡುವುದು) ಇವೆಲ್ಲ ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಆಗಿದ್ದವು. ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಬರುವ ಇಂಥ ಒಂಬತ್ತು ಫಲಗಳನ್ನು, ಅಂದರೆ ಒಳ್ಳೆಯ ಗುಣಗಳನ್ನು, ಈಗಲೂ ಒಂದೇ ಉಸಿರಿಗೆ ಹೇಳಬಲ್ಲೆ. ಆದರೆ ಬಾಯಲ್ಲಿರುವುದು ನಡತೆಗೆ ಇಳಿಯಬೇಕಲ್ಲ, ಅದಕ್ಕೆ ನಾನು ಏನೇನು ಮಾಡಿದೆ ಅಂತ ಕೆಲವರು ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಯಬೇಕಿತ್ತು. ಪೌಲನು ಇವನ್ನು ಆತ್ಮನ ಫಲ ಅನ್ನುತ್ತಾನೆ. ಅಂದರೆ ದೇವರು ಕೊಡುವಂಥದ್ದು. ಪೇತ್ರನು ತನ್ನ ಎರಡನೆಯ ಪತ್ರದ ಶುರುವಿನಲ್ಲೇ ನಂಬಿಕೆಗೆ ಸದ್ಗುಣ, ಅದಕ್ಕೆ ಜ್ಞಾನ, ಅದಕ್ಕೆ ದಮೆ, ಅದಕ್ಕೆ ತಾಳ್ಮೆ ಕೂಡಿಸುತ್ತಾ ಹೋಗಲು ಶ್ರಮಪಡಿ ಅನ್ನುತ್ತಾನೆ. ಹಾಗಾದರೆ ಮಾಡಬೇಕಾದವರು ಯಾರು, ದೇವರೋ ನಾವೋ? ನಮ್ಮ ಕಡೆ ಟೊಮೆಟೊ ಬೆಳೆಯುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ರೈತ ಕೋಲು ನೆಡುತ್ತಾನೆ, ದಾರ ಕಟ್ಟುತ್ತಾನೆ, ನೀರು ಬಿಡುತ್ತಾನೆ. ಗಿಡದಲ್ಲಿ ಕಾಯಿ ಹುಟ್ಟಿಸುವುದು ಅವನ ಕೈಯಲ್ಲಿಲ್ಲ. ಆದರೆ ಕೋಲು ನೆಡದ ಗಿಡ ನೆಲಕ್ಕೆ ಬಿದ್ದು ಕಾಯಿ ಕೊಳೆಯುತ್ತದೆ. ನನ್ನ ಅಭ್ಯಾಸಗಳು ಆ ಕೋಲು, ದಾರ ಇದ್ದ ಹಾಗೆ. ಅದಕ್ಕಿಂತ ಜಾಸ್ತಿ ಅಲ್ಲ.

ಒಂಬತ್ತನ್ನೂ ಒಟ್ಟಿಗೆ ಹಿಡಿಯಲು ಹೋಗಲಿಲ್ಲ. ತಾಳ್ಮೆ ಒಂದನ್ನೇ ಹಿಡಿದೆ. ಅದನ್ನೂ 'ಇಡೀ ದಿನ ತಾಳ್ಮೆಯಿಂದ ಇರುತ್ತೇನೆ' ಅಂತ ಅಲ್ಲ. ನನಗೆ ಅದು ಎಲ್ಲಿ ಹೆಚ್ಚು ಬೇಕು ಅಂತ ನೋಡಿದೆ. ಹರಾಜು ಮುಗಿದು ಕೊನೇ ಪಟ್ಟಿ ಬರೆಯುವವರೆಗಿನ ಹೊತ್ತು. ಒಂದು ಕಡೆ ಲಾರಿಯವರ ಅವಸರ, ಇನ್ನೊಂದು ಕಡೆ ಹಮಾಲರ ಕೂಗು, ಎದುರಿಗೆ ರೈತರ ಗುಂಪು. ಅಭ್ಯಾಸವನ್ನು ಅಲ್ಲಿಗೇ ಕಟ್ಟಿದೆ.

ಪುಸ್ತಕ ತೆರೆಯುವ ಮುಂಚೆ ಪೆನ್ನು ಕೆಳಗಿಟ್ಟು, ಅಂಗೈ ಪುಸ್ತಕದ ಮೇಲಿಟ್ಟು ಒಂದು ಸಾಲಿನ ಪ್ರಾರ್ಥನೆ: 'ಕರ್ತನೇ, ಎದುರಿಗೆ ನಿಂತವರ ಮುಖ ನನಗೆ ಕಾಣಲಿ.' ಅಷ್ಟೇ. ಆಮೇಲೆ ಒಂದು ನಿಯಮ. ಯಾರೇ ಬರಲಿ, ಪಟ್ಟಿಯನ್ನು ಸುಮ್ನೆ ಕೈಗೆ ಕೊಟ್ಟು ಕಳಿಸುವುದಿಲ್ಲ. ಪೂರ್ತಿ ಓದಿ ಹೇಳುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವವರಲ್ಲಿ ಎಷ್ಟೋ ಜನ ಮನೆಯಲ್ಲಿ ತೆಲುಗು ಆಡುವವರು. ಕೆಲವರಿಗೆ ಓದಲು ಬರುವುದಿಲ್ಲ, ಬರುವುದಿಲ್ಲ ಅಂತ ಹೇಳಲು ನಾಚಿಕೆ.

ಒಬ್ಬ ವಯಸ್ಸಾದ ಹೆಂಗಸು ಬಂದು ನಿಲ್ಲುತ್ತಾರೆ ಅನ್ನಿ. 'ಕೂತ್ಕೊಳಮ್ಮ, ಓದಿ ಹೇಳ್ತೀನಿ' ಅನ್ನುತ್ತೇನೆ. '42 ಬಾಕ್ಸು. ಬಾಕ್ಸಿಗೆ 310. ಒಟ್ಟು 13,020. ಗಾಡಿ ಬಾಡಿಗೆ 840, ಇಳಿಸಿದ ಕೂಲಿ 84. ಕೈಗೆ 12,096.' ಆಕೆ ಬೆರಳು ಮಡಚುತ್ತಾ ಲೆಕ್ಕ ಹಾಕುತ್ತಾರೆ. ಎಲ್ಲೋ ತಪ್ಪಿಹೋಗುತ್ತದೆ. 'ಇನ್ನೊಂದ್ ಸಲ ಹೇಳಪ್ಪ' ಅನ್ನುತ್ತಾರೆ. ಇಲ್ಲೇ ನೋಡಿ ನಿಜವಾದ ಅಭ್ಯಾಸ ಇರುವುದು. ಎರಡನೇ ಸಲ ಓದುವಾಗ ಮೊದಲಿಗಿಂತ ನಿಧಾನವಾಗಿ ಓದಬೇಕು. ಮನಸ್ಸು ಬೇಗ ಬೇಗ ಅನ್ನುತ್ತಿರುತ್ತದೆ, ನಾಲಿಗೆ ಮಾತ್ರ ನಿಧಾನ. ಒಳಗೆ ತಾಳ್ಮೆ ಹುಟ್ಟಲಿ, ಆಮೇಲೆ ನಿಧಾನ ಮಾಡೋಣ ಅಂತ ಕಾದಿದ್ದರೆ ನಾನು ಇನ್ನೂ ಕಾಯುತ್ತಲೇ ಇರುತ್ತಿದ್ದೆ. ನಾಲಿಗೆ ಮೊದಲು ಕಲಿಯಿತು, ಮನಸ್ಸು ಅದರ ಹಿಂದೆ ಬಂತು. ಈಗ ಹಾಗೆ ಓದುವಾಗ ನನಗೇ ಒಂದು ಸಮಾಧಾನ ಸಿಗುತ್ತದೆ.

2023ರ ಜುಲೈನಲ್ಲಿ ಇದಕ್ಕೆ ಒಳ್ಳೇ ಪರೀಕ್ಷೆ ಆಯಿತು. 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ದೊಡ್ಡ ಮೊತ್ತ, ಎಲ್ಲರ ಮುಖದಲ್ಲೂ ಆತಂಕ, ಒಬ್ಬರ ಮೇಲೊಬ್ಬರಿಗೆ ಅನುಮಾನ. ಆಗಲೂ ಅದೇ ಪ್ರಾರ್ಥನೆ, ಅದೇ ಓದು. ಆದರೆ ರೇಟು ಏರಿದಾಗಕ್ಕಿಂತ ಬಿದ್ದಾಗಲೇ ಈ ಕೆಲಸ ಕಷ್ಟ. ರಸ್ತೆ ಬದಿಗೆ ಟೊಮೆಟೊ ಸುರಿದು ಹೋಗುವ ದಿನಗಳನ್ನು ನಮ್ಮ ಜಿಲ್ಲೆಯವರೆಲ್ಲ ನೋಡಿದ್ದಾರೆ. ಗಾಡಿ ಬಾಡಿಗೆಯೂ ಹುಟ್ಟದ ಪಟ್ಟಿಯನ್ನು ಗುಂಪಿನ ನಡುವೆ ಕೂಗಿ ಹೇಳಬಾರದು. ಅಂಥವರನ್ನು ಪಕ್ಕಕ್ಕೆ ಕರೆದು ಕೂರಿಸಿ, ಟೀ ತರಿಸಿ, ತಗ್ಗಿದ ದನಿಯಲ್ಲಿ ಹೇಳುತ್ತೇನೆ. ರೇಟು ನನ್ನ ಕೈಯಲ್ಲಿಲ್ಲ. ಅದನ್ನು ಹೇಳುವ ರೀತಿ ನನ್ನ ಕೈಯಲ್ಲಿದೆ. ದಯೆ ಅಂದರೆ ಏನು ಅಂತ ನನಗೆ ತಿಳಿದದ್ದು ಇಂಥ ಪಟ್ಟಿಗಳನ್ನು ಓದುತ್ತಲೇ.

ತಾಳ್ಮೆ ಒಂದು ಹದಕ್ಕೆ ಬಂದ ಮೇಲೆ ಸತ್ಯದ ಕಡೆ ತಿರುಗಿದೆ. ಬೈಬಲಿನ ಯಾಜಕಕಾಂಡ 19ರಲ್ಲಿ ನ್ಯಾಯವಾದ ತಕ್ಕಡಿ, ನ್ಯಾಯವಾದ ಕಲ್ಲು ಇರಬೇಕು ಅಂತಿದೆ. ಜ್ಞಾನೋಕ್ತಿ 11ರ ಮೊದಲ ವಚನವೇ ಮೋಸದ ತಕ್ಕಡಿಯ ಬಗ್ಗೆ. ದೇವರಿಗೆ ವ್ಯಾಪಾರದ ವಿಷಯದಲ್ಲಿ ಇಷ್ಟೊಂದು ಆಸಕ್ತಿ ಇದೆ ಅನ್ನುವುದೇ ನನಗೆ ಬಹಳ ಸಂತೋಷ ಕೊಡುತ್ತದೆ. ಅಂದಾಜಿನ ಲೆಕ್ಕ ಬಾಯಲ್ಲಿ ಹೇಳುವುದು ನಿಲ್ಲಿಸಿದೆ. ಅಂಕಿ ತಿದ್ದಬೇಕಾದರೆ ರೈತನ ಕಣ್ಣೆದುರಿಗೇ ತಿದ್ದುತ್ತೇನೆ. ಚಿಲ್ಲರೆ ಬಿಡಿಸುವಾಗ ಯಾವ ಕಡೆ ಬಿಡುವುದು ಅಂತ ಮಂಡಿ ಯಜಮಾನರನ್ನು ಕೇಳಿದೆ. 'ರೈತನ ಕಡೆಗೇ ಇರಲಿ ಬಿಡಪ್ಪ' ಅಂದರು. ಅವರು ಕ್ರೈಸ್ತರಲ್ಲ. ದೇವರು ಒಳ್ಳೆಯತನವನ್ನು ನಮ್ಮ ಚರ್ಚಿನ ಗೋಡೆಯೊಳಗೆ ಮಾತ್ರ ಇಟ್ಟಿಲ್ಲ ಅನ್ನುವುದಕ್ಕೆ ನಾನು ದಿನಾ ಸಾಕ್ಷಿ.

ಮನೆಯ ಅಭ್ಯಾಸಗಳು ಇನ್ನೂ ಚಿಕ್ಕವು. ಅನ್ನಕ್ಕೆ ಅಕ್ಕಿ ಅಳೆದ ಕೂಡಲೇ ನಮ್ಮ ತಾಯಿ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಇಲ್ಲದವರ ಮನೆಗೆ ಹೋಗುತ್ತಿತ್ತು. ಈಗ ನನ್ನ ಹೆಂಡತಿ ಅದನ್ನೇ ಮಾಡುತ್ತಾಳೆ, ಎಷ್ಟೋ ಸಲ ಮಗಳ ಕೈಯಲ್ಲಿ ಹಾಕಿಸುತ್ತಾಳೆ. ಅಡುಗೆಗೆ ಮುಂಚೆ ತೆಗೆಯುವುದು ಮುಖ್ಯ, ಉಳಿದದ್ದರಲ್ಲಿ ಅಲ್ಲ. ಮಲಗುವ ಮುಂಚೆ ಇನ್ನೊಂದು ಕೆಲಸ ಇದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಸೂರ್ಯ ಮುಳುಗುವುದರೊಳಗೆ ಕೋಪ ತೀರಲಿ ಅಂತಿದೆ. ಯಾರೊಂದಿಗಾದರೂ ಮಾತು ಬಿರುಸಾಗಿದ್ದರೆ ಅವತ್ತೇ ಫೋನ್ ಮಾಡುತ್ತೇನೆ. ಮೆಸೇಜ್ ಅಲ್ಲ, ಫೋನ್. ದನಿ ಕೇಳಿದರೆ ಅರ್ಧ ಕೋಪ ಅಲ್ಲೇ ಇಳಿಯುತ್ತದೆ.

ಇಷ್ಟೆಲ್ಲ ಒಬ್ಬನೇ ಮಾಡಿಕೊಂಡು ಹೋಗಿದ್ದರೆ ಉಳಿಯುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನಮ್ಮ ಮೆಥಡಿಸ್ಟ್ ಸಭೆಯ ಮೂಲ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯವರ ಚಳವಳಿ. 1742ರಲ್ಲಿ ಬ್ರಿಸ್ಟಲ್ ಊರಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಜನರನ್ನು ಹನ್ನೆರಡು ಹನ್ನೆರಡು ಮಂದಿಯಾಗಿ ಮಾಡಿ, ಒಬ್ಬೊಬ್ಬರಿಂದ ವಾರಕ್ಕೊಂದು ಪೆನ್ನಿ ಎತ್ತಲು ಶುರು ಮಾಡಿದರು. ಎತ್ತಲು ಹೋದವರಿಗೆ ಮನೆಮನೆಯ ಕಷ್ಟಸುಖ, ನಡತೆ ಎಲ್ಲ ಕಂಡಿತು. ಆ ಗುಂಪುಗಳೇ ಆಮೇಲೆ ವಾರಕ್ಕೊಮ್ಮೆ ಒಬ್ಬರ ಆತ್ಮದ ಸ್ಥಿತಿಯನ್ನು ಇನ್ನೊಬ್ಬರು ವಿಚಾರಿಸುವ ಕೂಟಗಳಾದವು. ಮರುವರ್ಷ, 1743ರಲ್ಲಿ, ವೆಸ್ಲಿ ಅವರಿಗೆ ಮೂರು ನಿಯಮ ಬರೆದು ಕೊಟ್ಟರು: ಕೆಡುಕು ಮಾಡಬೇಡಿ; ಒಳ್ಳೆಯದು ಮಾಡಿ; ಆರಾಧನೆ, ವಾಕ್ಯ, ಪ್ರಾರ್ಥನೆ, ಕರ್ತನ ಭೋಜನ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಉಪವಾಸ ಇವನ್ನು ಬಿಡಬೇಡಿ.

ನಮ್ಮ ಬೀದಿಯ ಕೆಲವರು ಗುರುವಾರ ರಾತ್ರಿ ಹೀಗೆ ಸೇರುತ್ತೇವೆ. ಒಬ್ಬರು ನರ್ಸ್, ಒಬ್ಬರು ಟೀಚರ್. 2001ರಲ್ಲಿ ಕೆಜಿಎಫ್ ಗಣಿ ಮುಚ್ಚುವವರೆಗೂ ಅಲ್ಲಿ ದುಡಿದ ತಾತ ಒಬ್ಬರಿದ್ದಾರೆ. ಅವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಈ ವಾರ ಮಂಡಿಯಲ್ಲಿ ಹೆಂಗಿದ್ದೆಯಪ್ಪ?' ಉತ್ತರ ಕೊಡಬೇಕು ಅನ್ನುವುದು ವಾರ ಪೂರ್ತಿ ತಲೆಯಲ್ಲಿರುತ್ತದೆ. ಅದು ಹೆದರಿಕೆ ಅಲ್ಲ, ಆಸರೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಇದಕ್ಕೆ ಅಂಕ ಹಾಕಬೇಡಿ. ಇವತ್ತು ಎಷ್ಟು ಸಲ ತಾಳ್ಮೆ ತೋರಿಸಿದೆ ಅಂತ ಡೈರಿಯಲ್ಲಿ ಬರೆಯುವವರಿದ್ದಾರೆ. ದಿನವಿಡೀ ಲೆಕ್ಕ ಬರೆಯುವ ನಾನು ಈ ಲೆಕ್ಕ ಮಾತ್ರ ಬರೆಯುವುದಿಲ್ಲ. ಬರೆದರೆ ಕಣ್ಣು ಎದುರಿಗಿರುವ ರೈತನ ಮೇಲಿಂದ ನನ್ನ ಮೇಲೆಯೇ ಬರುತ್ತದೆ. ಫಲ ಕೊಟ್ಟವನಿಗೆ ಲೆಕ್ಕ ಗೊತ್ತಿದೆ.

ನಿಮ್ಮ ಕಡೆ ಇಂಥ ಕೂಟ ಶುರು ಮಾಡುವುದಾದರೆ ಮೂರು ಜನ ಸಾಕು. ಎಲ್ಲರೂ ಒಂದೇ ಮನೆಯವರಾದರೆ ಬಿಚ್ಚಿ ಮಾತಾಡಲು ಆಗುವುದಿಲ್ಲ. ಕೇಳದೆ ಬುದ್ಧಿ ಹೇಳಬಾರದು, ಅಲ್ಲಿ ಆಡಿದ್ದು ಹೊಸ್ತಿಲು ದಾಟಬಾರದು. ಇವೆರಡನ್ನು ಮೊದಲ ದಿನವೇ ಒಪ್ಪಿಕೊಳ್ಳಿ. ಮುಕ್ಕಾಲು ಗಂಟೆಗೆ ಮುಗಿಸಿ. ಊಟ ಇಡಬೇಡಿ, ಇಟ್ಟರೆ ಆ ಮನೆಯ ಹೆಂಗಸರು ಅಡುಗೆಮನೆಯಲ್ಲೇ ಉಳಿದುಬಿಡುತ್ತಾರೆ. ಟೀ ಸಾಕು, ಅದನ್ನೂ ಗಂಡಸರೇ ಮಾಡಲಿ.